ಕೆಂಗಣ್ಣಿನ ತಾಯಿ, ಬೂದು ತಂದೆ, ಹದಿನಾಲ್ಕು ಸಾದಾ ಮರಿಗಳು

ಹೋದ ಬೇಸಿಗೆಯಲ್ಲಿ ನಾರ್ತ್ ಕ್ಯಾರೊಲೈನಾದ ನನ್ನ ಪಶುವೈದ್ಯ ಕ್ಲಿನಿಕ್ಕಿಗೆ ಒಬ್ಬರು ಪ್ಲಾಸ್ಟಿಕ್ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಂದರು. ಪ್ರತಿ ಡಬ್ಬದಲ್ಲೂ ಪೆನ್ಸಿಲ್ ದಪ್ಪದ ಒಂದು ಕಾರ್ನ್ ಸ್ನೇಕ್ ಮರಿ. ವಿಷವಿಲ್ಲದ ಈ ಹಾವನ್ನು ಇಲ್ಲಿ ಮನೆಗಳಲ್ಲಿ ಸಾಕುತ್ತಾರೆ. ಕೆಂಗಣ್ಣಿನ ಅಮೆಲ್ ಹೆಣ್ಣಿಗೆ ಬೂದುಬಣ್ಣದ ಅನೆರಿ ಗಂಡನ್ನು ಕೂಡಿಸಿ, ಬೆಳ್ಳಗಿನ ‘ಸ್ನೋ’ ಮರಿಗಳು ಬರುತ್ತವೆಂದು ಎರಡು ತಿಂಗಳು ಮೊಟ್ಟೆ ಕಾದಿದ್ದರು. ಬಂದದ್ದು ಕಂದು ಮೈ, ಕೆಂಪು ಮಚ್ಚೆ, ಮಚ್ಚೆಗೆ ಕಪ್ಪು ಅಂಚಿನ ಹದಿನಾಲ್ಕು ಮರಿಗಳು. ಥೇಟ್ ಕಾಡಿನ ಹಾವುಗಳು. “ಹಾವು ಮಾರಿದವನು ಮೋಸ ಮಾಡಿದ್ದಾನೆ, ಡಾಕ್ಟರ್” ಎಂದರು.

ಮೋಸವೇನೂ ಆಗಿರಲಿಲ್ಲ. ಅಮೆಲ್ ಹಾವಿಗೆ ಕಪ್ಪು ವರ್ಣಕ ತಯಾರಿಸಲು ಬಾರದು, ಅನೆರಿಗೆ ಕೆಂಪು ಬಾರದು. ಎರಡೂ ಹಿಂಜರಿಯುವ ಗುಣಗಳು: ಕೆಟ್ಟ ಜೀನ್ ತಾಯಿಯಿಂದಲೂ ತಂದೆಯಿಂದಲೂ ಬಂದರೆ ಮಾತ್ರ ಮೈಮೇಲೆ ಕಾಣುತ್ತವೆ. ಇಲ್ಲಿ ಕೆಂಪಿನ ಸರಿಯಾದ ಜೀನನ್ನು ತಾಯಿ ಕೊಟ್ಟಿದ್ದಳು, ಕಪ್ಪಿನದನ್ನು ತಂದೆ. ಹಾಗಾಗಿ ಮರಿಗಳೆಲ್ಲ ಸಾದಾ. ಆದರೆ ಒಂದೊಂದರ ಒಳಗೂ ಎರಡು ಕೊರತೆಗಳೂ ಅಡಗಿವೆ. ಇಂಥವನ್ನು ಸಾಕುವವರು ‘ಹೆಟ್’ ಎನ್ನುತ್ತಾರೆ. ಈ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದರೆ ಸರಾಸರಿ ಹದಿನಾರರಲ್ಲಿ ಒಂಬತ್ತು ಸಾದಾ, ಮೂರು ಅಮೆಲ್, ಮೂರು ಅನೆರಿ, ಕಪ್ಪೂ ಕೆಂಪೂ ಇಲ್ಲದ ಒಂದು ಸ್ನೋ. ಹೆಣ್ಣು ಮೊಟ್ಟೆಯಿಡುವಷ್ಟು ಬಲಿಯಲು ಮೂರು ವರ್ಷ ಬೇಕು ಎಂದಾಗ ಅವರ ಮುಖ ಇನ್ನಷ್ಟು ಸಣ್ಣದಾಯಿತು.

ಅಮೆಲ್ ಎಂದರೆ ಬಿಳಿ ಹಾವು ಎಂದುಕೊಂಡವರೂ ಬರುತ್ತಾರೆ. ಕಪ್ಪು ಹೋದರೂ ಕೆಂಪು, ಕಿತ್ತಳೆ ಉಳಿಯುತ್ತವೆ; ಅಂಚಿನ ಕಪ್ಪು ಅಳಿದ ಮೇಲೆ ಇನ್ನೂ ಢಾಳಾಗಿ ಕಾಣುತ್ತವೆ. ಇದು ಹಿಂಜರಿಯುವ ಗುಣವೆಂದು ತೋರಿಸಿದವರು ಬರ್ನಾರ್ಡ್ ಬೆಕ್ಟೆಲ್. ವೃತ್ತಿಯಲ್ಲಿ ಚರ್ಮರೋಗ ತಜ್ಞರು. 1961ರಲ್ಲಿ ಅವರ ಸಾಕಣೆಯಲ್ಲಿ ಅಮೆಲ್ ಮರಿಗಳು ಹುಟ್ಟಿದವು. 2015ರಲ್ಲಿ ಜಿನೀವಾದ ವಿಜ್ಞಾನಿಗಳು ಕಾರಣವನ್ನು ಡಿಎನ್‌ಎಯಲ್ಲೇ ಹಿಡಿದರು: ಓಸಿಎ2 ಎಂಬ ಜೀನಿನ ನಡುವೆ ಹೊರಗಿನ ತುಣುಕೊಂದು ಬಂದು ಕೂತಿದೆ. ಮನುಷ್ಯರ ಒಂದು ಬಗೆಯ ಆಲ್ಬಿನಿಸಂಗೂ ಇದೇ ಜೀನಿನ ದೋಷ ಕಾರಣ.

ನನಗೆ ರೇಗುವುದು ಮಾರುವ ಹಾವಿನ ಡಬ್ಬದ ಮೇಲೆ ‘ಶೇ. 66 ಹೆಟ್’ ಎಂಬ ಚೀಟಿ ಕಂಡಾಗ. ಎರಡು ಹೆಟ್ ಹಾವುಗಳಿಗೆ ಹುಟ್ಟಿದ ಸಾದಾ ಮರಿಗಳಲ್ಲಿ ಮೂರಕ್ಕೆ ಎರಡು ಹೆಟ್ ಇರುತ್ತವೆ ಎಂಬುದಷ್ಟೇ ಅದರ ಅರ್ಥ. ನಿಮ್ಮ ಕೈಲಿರುವ ಹಾವು ಒಂದೋ ಹೆಟ್, ಇಲ್ಲವೋ ಅಲ್ಲ. ಮುಕ್ಕಾಲು ಬಸುರಿ ಎಂಬುದುಂಟೇ? ಕಳಚಿದ ಪೊರೆಯನ್ನು ಪರೀಕ್ಷೆಗೆ ಕಳಿಸಿದರೆ ಅಮೆಲ್ ಜೀನ್ ಇದೆಯೋ ಇಲ್ಲವೋ ತಿಳಿಯುತ್ತದೆ.

ಬಣ್ಣಕ್ಕಿಂತ ಮುಖ್ಯವಾಗಿ ‘ಸ್ಟಾರ್‌ಗೇಜರ್’ ದೋಷವಿದೆಯೇ ಎಂದು ನೋಡಿಸಿ ಎನ್ನುತ್ತೇನೆ. ಸನ್‌ಕಿಸ್ಡ್ ಎಂಬ ಇನ್ನೊಂದು ಬಣ್ಣದ ಬಗೆಯ ವಂಶಗಳಲ್ಲಿ ಮೊದಲು ಕಂಡದ್ದು ಇದು. ಮರಿ ತಲೆಯನ್ನು ಆಕಾಶಕ್ಕೆ ಎತ್ತಿ, ತೂಗಾಡಿ, ಹಿಮ್ಮೊಗವಾಗಿ ಮಗುಚಿಕೊಳ್ಳುತ್ತದೆ. ಒಮ್ಮೆ ಮೇಜಿನ ಮೇಲೆ ಅದನ್ನು ನೋಡಿದವರು ಮತ್ತೆ ಬಣ್ಣದ ಮಾತು ಎತ್ತುವುದಿಲ್ಲ. ಇದೂ ಹಿಂಜರಿಯುವ ಗುಣವೇ. ಹೊತ್ತ ತಂದೆತಾಯಿ ಆರೋಗ್ಯವಾಗಿಯೇ ಇರುತ್ತಾರೆ.

ಊರಿನಿಂದ ಫೋನ್ ಮಾಡುವವರು, ನಮ್ಮ ಕೇರೆ ಹಾವಿನಲ್ಲೂ ಹೀಗೆ ಬಣ್ಣ ಬೆಳೆಸಬಹುದೇ ಎಂದು ಕೇಳುವುದುಂಟು. ಅದನ್ನು ಹಿಡಿದು ಸಾಕುವುದೇ ಕಾನೂನಿಗೆ ವಿರುದ್ಧ. ಹೊಲದಲ್ಲಿ ಇಲಿ ಹಿಡಿಯುತ್ತಾ ಇರಲಿ ಬಿಡಿ.

ಡಬ್ಬಗಳ ಮನುಷ್ಯ ಹೊರಡುವ ಮುನ್ನ ಮೇಜಿನ ಮೇಲಿದ್ದ ಮಾರ್ಕರ್ ಕೇಳಿ ಪಡೆದರು. ಹದಿನಾಲ್ಕು ಮುಚ್ಚಳಗಳ ಮೇಲೂ ‘ಹೆಟ್ ಅಮೆಲ್, ಹೆಟ್ ಅನೆರಿ’ ಎಂದು ಬರೆದರು. ಮಾರುವುದಿಲ್ಲವೇ ಎಂದೆ. “ಹನ್ನೆರಡನ್ನು ಮಾರುತ್ತೇನೆ” ಎಂದು ಒಂದು ಗಂಡು, ಒಂದು ಹೆಣ್ಣನ್ನು ಪಕ್ಕಕ್ಕಿಟ್ಟುಕೊಂಡರು.