ಪೇಪರ್ ಪ್ಲೇಟಿಗೆ ಗಂಜಿ ಹಚ್ಚಿದರೆ ಸಾರು ನಿಲ್ಲುತ್ತಾ?

ಪ್ರಶ್ನೆ: ಗಂಗಾವತಿಯಲ್ಲಿ ಪೇಪರ್ ಪ್ಲೇಟ್ ಮಾಡುವ ಸಣ್ಣ ಮೆಷಿನ್ ಹಾಕಿದ್ದೇನೆ. ಸಾರು ಬಿದ್ದ ಐದೇ ನಿಮಿಷಕ್ಕೆ ತಟ್ಟೆ ಮೆತ್ತಗಾಗುತ್ತದೆ. ಪೇಪರ್ ಮಿಲ್‌ನವರು ಹಾಳೆಗೆ ಗಂಜಿ ಹಚ್ಚುತ್ತಾರಂತೆ. ನಮ್ಮೂರಲ್ಲಿ ಅಕ್ಕಿಗೇನು ಬರ? ನಾನೂ ಹಚ್ಚಲಾ?

ಉತ್ತರ: ಹಚ್ಚುವುದು ನಿಜ. ಆದರೆ ಬರೀ ಗಂಜಿಗೆ ಸಾರು ನಿಲ್ಲಲ್ಲ. ಗಂಜಿ ಹಾಕಿದ ಕಾಟನ್ ಸೀರೆ ಗರಿಗರಿ ಇರುತ್ತದೆ. ಮಳೆಗೆ ಸಿಕ್ಕರೆ ಅದೂ ತೊಪ್ಪೆಯೇ ಅಲ್ವಾ?

ಕಾಗದ ಅಂದರೆ ನಾರಿನ ಹೆಣಿಗೆ. ನಾರಿನ ನಡುವಿನ ಸಂದುಗಳು, ಬತ್ತಿ ಎಣ್ಣೆ ಎಳೆದ ಹಾಗೆ, ನೀರು ಎಳೆಯುತ್ತವೆ. ಮಿಲ್‌ನಲ್ಲಿ ಹಾಳೆಯನ್ನು ಒಮ್ಮೆ ಒಣಗಿಸಿ, ಎರಡು ರೋಲರ್‌ಗಳ ನಡುವೆ ಬೇಯಿಸಿದ ಗಂಜಿ ಕುಡಿಸಿ, ಮತ್ತೆ ಒಣಗಿಸುತ್ತಾರೆ. ಇದೇ ಸೈಜ್ ಪ್ರೆಸ್. ಗಂಜಿ ಸಂದು ಮುಚ್ಚುತ್ತದೆ, ಹಾಳೆ ಗಟ್ಟಿಯಾಗುತ್ತದೆ. ಮಿರ್ಚಿಯ ಎಣ್ಣೆಯನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ನೀರನ್ನು ದೂರ ಇಡುವುದು ಮಾತ್ರ ಅದರ ಜೊತೆ ಬೆರೆಸುವ ಸ್ಟೈರೀನ್ ಅಕ್ರಿಲೇಟ್, ಎಕೆಡಿ (ಆಲ್ಕೈಲ್ ಕೀಟೀನ್ ಡೈಮರ್) ಥರದ ರಾಸಾಯನಿಕಗಳು. ಎಕೆಡಿ ಒಂದು ತುದಿಯಲ್ಲಿ ನಾರನ್ನು ಹಿಡಿದುಕೊಂಡು ಮೇಣದಂಥ ಬಾಲವನ್ನು ಹೊರಗೆ ಚಾಚುತ್ತದೆ. ಇದನ್ನು ತಿರುಳಿಗೂ ಬೆರೆಸುವುದುಂಟು. ಹಿಂದೆ ಈ ಕೆಲಸ ಮಾಡುತ್ತಿದ್ದುದು ರಾಳ ಮತ್ತು ಪಟಿಕ. ಅದು ಜರ್ಮನಿಯ ಮೋರಿಟ್ಸ್ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ ವಿಧಾನ.

ಇಷ್ಟಾದರೂ ನೀರು ತಡವಾಗುತ್ತದೆ, ನಿಲ್ಲುವುದಿಲ್ಲ. ಎಷ್ಟು ತಡ ಅನ್ನುವುದಕ್ಕೆ ಕಾಬ್ ಪರೀಕ್ಷೆ ಇದೆ. ತೂಕ ಮಾಡಿದ ಹಾಳೆ ಮೇಲೆ 100 ಚದರ ಸೆಂ.ಮೀ.ನ ಉಂಗುರ ಬಿಗಿದು 100 ಮಿ.ಲೀ. ನೀರು ಹೊಯ್ಯುತ್ತಾರೆ. ಸಾಮಾನ್ಯವಾಗಿ 60 ಸೆಕೆಂಡ್ ಲೆಕ್ಕ. ನೀರು ಚೆಲ್ಲಿ, ಒತ್ತಿ ಒರೆಸಿ, ಮತ್ತೆ ತೂಗುತ್ತಾರೆ. 0.3 ಗ್ರಾಂ ಜಾಸ್ತಿ ಬಂದರೆ ಒಂದು ಚದರ ಮೀಟರಿಗೆ 30 ಗ್ರಾಂ ನೀರು ಹೀರಿದ ಲೆಕ್ಕ, ಅಂದರೆ ಕಾಬ್ 30. ಕಡಿಮೆ ಇದ್ದಷ್ಟೂ ಒಳ್ಳೆಯದು. ಹಾಳೆ ಕೊಡುವವರನ್ನು ಈ ಅಂಕಿ ಕೇಳಿ. ಸುಮ್ನೆ 'ವಾಟರ್‌ಪ್ರೂಫ್' ಅಂದರೆ ನಂಬಬೇಡಿ.

ಸಾರು ನಿಲ್ಲಲು ಬೇಕಿರುವುದು ಹಾಳೆಯನ್ನು ಪೂರ್ತಿ ಮುಚ್ಚುವ ಪದರ. ಟೀ ಕಪ್ಪಿನಲ್ಲಿರುವುದು ಸಾಮಾನ್ಯವಾಗಿ ತೆಳು ಪಾಲಿಥೀನ್. ಕಪ್ ರಾತ್ರಿಯಿಡೀ ನೆನೆಸಿ ತಿಕ್ಕಿ ನೋಡಿ, ಕಾಗದ ಮುದ್ದೆಯಾಗಿ ಬಿಡುತ್ತದೆ, ಪೊರೆ ಕೈಯಲ್ಲಿ ಉಳಿಯುತ್ತದೆ. ಇದೇ ಪೊರೆಯಿಂದ ಮರುಬಳಕೆ ಕಷ್ಟ. ನೀರಿನಲ್ಲಿ ಕಲಸಿ ಬಳಿಯುವ ಲೇಪನದ ಹಾಳೆಯೂ ಬರುತ್ತದೆ. ಸಿಕ್ಕರೆ ನಾನಾದರೆ ಅದನ್ನೇ ಮೊದಲು ನೋಡುತ್ತೇನೆ.

ನೀವೇ ಗಂಜಿ ಬಳಿದರೆ ಹಾಳೆ ಸುರುಟುತ್ತದೆ, ಒಣಗದಿದ್ದರೆ ಬೂಸ್ಟು. ಲೇಪನ ಇರುವ ರೋಲ್ ತನ್ನಿ. ಪರೀಕ್ಷೆಯನ್ನು ಹಾಳೆಗಲ್ಲ, ಅಚ್ಚೊತ್ತಿದ ತಟ್ಟೆಗೇ ಮಾಡಿ. ಪದರ ಬಿರಿಯುವುದು ಅಂಚಿನ ನೆರಿಗೆಯಲ್ಲಿ. ಬಿಸಿ ಸಾರು ಹಾಕಿ ಒಂದು ಪಂಕ್ತಿ ಊಟದಷ್ಟು ಹೊತ್ತು ಬಿಡಿ. ಆಮೇಲೆ ತಟ್ಟೆಯ ಹಿಂಬದಿ, ನೆರಿಗೆ ಇರುವಲ್ಲಿ, ಬೆರಳಿಟ್ಟು ನೋಡಿ.