ಘಟಿಕೋತ್ಸವದ ಪ್ರಮಾಣಪತ್ರ ಬರುವವರೆಗೆ ಕೆಲಸಕ್ಕೆ ಕಾಯಬೇಕೇ?

ಪ್ರಶ್ನೆ: ಸರ್, ನನ್ನ ಬಿ.ಕಾಂ. ಮುಗಿದು ಫಲಿತಾಂಶವೂ ಬಂದಿದೆ. ಆದರೆ ಕಾನ್ವೊಕೇಶನ್ ಸರ್ಟಿಫಿಕೇಟ್ ಕೈಗೆ ಬಂದಿಲ್ಲ. ಅದು ಬಂದ ಮೇಲೆ ಕೆಲಸ ಹುಡುಕಿದರಾಯಿತು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?

ಇಂದೇ ಅರ್ಜಿ ಹಾಕಮ್ಮ. ಈ ಉತ್ತರವನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ, ಬಸ್ ನಿಲ್ದಾಣದಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ್ದೇನೆ. ಆದರೂ ಪ್ರತಿ ವರ್ಷ ಫಲಿತಾಂಶದ ಮರುವಾರವೇ ಇದೇ ಪ್ರಶ್ನೆ ಬರುತ್ತದೆ. ಆದ್ದರಿಂದ ಈ ಬಾರಿ ಬೇರುಸಹಿತ ಕೀಳಲು ಪ್ರಯತ್ನಿಸುತ್ತೇನೆ.

ನೀವು ಪದವೀಧರರಾಗುವುದು ಫಲಿತಾಂಶ ಪ್ರಕಟವಾದ ದಿನ. ಘಟಿಕೋತ್ಸವ ಅದರ ಸಂಭ್ರಮ ಮಾತ್ರ. ಅದು ಎಷ್ಟೋ ತಿಂಗಳ ನಂತರ ನಡೆಯುತ್ತದೆ. ಆ ನಡುವಿನ ಕಾಲಕ್ಕೆಂದೇ ವಿಶ್ವವಿದ್ಯಾಲಯ ತಾತ್ಕಾಲಿಕ ಪದವಿ ಪ್ರಮಾಣಪತ್ರ ಕೊಡುತ್ತದೆ. ವಿದ್ಯಾರ್ಥಿಗಳು ಪಿಡಿಸಿ ಎನ್ನುವುದು ಇದನ್ನೇ. ‘ತಾತ್ಕಾಲಿಕ’ ಎಂಬ ಪದ ನೋಡಿ ಹೆದರುವವರಿದ್ದಾರೆ. ತಾತ್ಕಾಲಿಕವಾಗಿರುವುದು ಆ ಕಾಗದ, ನಿಮ್ಮ ಪದವಿಯಲ್ಲ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳ ಜೊತೆ ಪಿಡಿಸಿ ಇದ್ದರೆ ಖಾಸಗಿ ಕಂಪನಿಯ ಮೊದಲ ಕೆಲಸಕ್ಕೆ ಸಾಮಾನ್ಯವಾಗಿ ಅಷ್ಟೇ ಸಾಕು.

‘ಸರ್ಕಾರಿ ಕೆಲಸಕ್ಕಾದರೂ ಬೇಕಲ್ಲ’ ಎನ್ನುತ್ತಾರೆ. ಅಧಿಸೂಚನೆಯನ್ನು ತೆರೆದು ವಿದ್ಯಾರ್ಹತೆಯ ಸಾಲನ್ನು ಓದಿ. ಬ್ಯಾಂಕ್ ನೇಮಕಾತಿಯಲ್ಲಿ ಐಬಿಪಿಎಸ್ ಕೇಳುವುದು ನಿಗದಿತ ದಿನಾಂಕದೊಳಗೆ ಫಲಿತಾಂಶ ಪ್ರಕಟವಾಗಿರಬೇಕು ಎಂದು. ಯುಪಿಎಸ್‌ಸಿಯ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಗೆ ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ನಮ್ಮ ರಾಜ್ಯದ ಯುವನಿಧಿ ಯೋಜನೆಯನ್ನೇ ನೋಡಿ: ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವಾಗ ಸರ್ಕಾರ ಕೆಲಸವಿಲ್ಲದೆ ಕಳೆದ 180 ದಿನಗಳನ್ನು ಎಣಿಸುವುದು ತೇರ್ಗಡೆಯಾದಾಗಿನಿಂದ. ಘಟಿಕೋತ್ಸವದ ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆಯವರ ಹೊರತು.

ಮನೆಯವರ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಊರಿಗೊಬ್ಬರೋ ಇಬ್ಬರೋ ಪದವೀಧರರಿದ್ದ ಕಾಲದಲ್ಲಿ ಕಪ್ಪು ಗೌನು ತೊಟ್ಟು, ಪ್ರಮಾಣಪತ್ರ ಹಿಡಿದು ತೆಗೆಸಿಕೊಂಡ ಫೋಟೊ ನಡುಮನೆಯ ಗೋಡೆ ಏರುತ್ತಿತ್ತು. ಆ ಗೌರವ ನನಗೂ ಇದೆ, ನನ್ನ ಮನೆಯ ಗೋಡೆಯಲ್ಲೂ ಅಂಥದೊಂದು ಫೋಟೊ ಇದೆ. ಆದರೆ ಅದಕ್ಕಾಗಿ ಕಾದು ಕುಳಿತರೆ ಆಗುವ ನಷ್ಟ ದೊಡ್ಡದು. ಹೊಸಬರನ್ನು ತೆಗೆದುಕೊಳ್ಳುವ ಎಷ್ಟೋ ಕಂಪನಿಗಳು ತೇರ್ಗಡೆಯಾದ ವರ್ಷವನ್ನು ನಮೂದಿಸಿಯೇ ಕರೆಯುತ್ತವೆ. ನೀವು ಕಾಯುವಷ್ಟರಲ್ಲಿ ನಿಮಗಿಂತ ಕಿರಿಯರ ತಂಡ ಆರನೇ ಸೆಮಿಸ್ಟರ್‌ಗೆ ಬಂದಿರುತ್ತದೆ. ಸಂದರ್ಶನದಲ್ಲಿ ‘ಇಷ್ಟು ದಿನ ಏನು ಮಾಡಿದಿರಿ’ ಎಂದು ಕೇಳಿದರೆ, ಕಾಗದಕ್ಕೆ ಕಾದೆ ಎಂದು ಹೇಳಬೇಕಾಗುತ್ತದೆ. ನನ್ನ ಜಾಣ ವಿದ್ಯಾರ್ಥಿಗಳು ಹಾಗೆ ತಲೆ ತಗ್ಗಿಸಿ ಕುಳಿತದ್ದನ್ನು ನೋಡಿದ್ದೇನೆ. ಸಂಕಟವಾಗುತ್ತದೆ.

ಹಾಗೆಂದು ಆ ಪತ್ರ ಬೇಡವೆಂದಲ್ಲ. ಶುಲ್ಕ ಕಟ್ಟಿ ಪಡೆದುಕೊಳ್ಳಿ. ವಿದೇಶಕ್ಕೆ ಹೋಗುವಾಗ ಬೇಕಾಗುತ್ತದೆ, ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲೂ ಕೇಳಬಹುದು. ಬರುವಾಗ ಬರಲಿ, ನೀವು ಅಷ್ಟರಲ್ಲಿ ಕೆಲಸದಲ್ಲಿರಿ.

ನಿಜವಾಗಿ ಹುಡುಗರನ್ನು ಸಿಕ್ಕಿಸುವ ಕಾಗದ ಬೇರೆಯೇ ಇದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳಬೇಕು: ಹೆಸರು. ನಮ್ಮವರ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್. ಆರ್.’, ಆಧಾರ್‌ನಲ್ಲಿ ಬರಿಯ ‘ಮಂಜುನಾಥ’. ಪ್ಯಾನ್ ಅರ್ಜಿ ಕೊನೆಯ ಹೆಸರಿನ ಜಾಗದಲ್ಲಿ ಇನಿಷಿಯಲ್ ಒಪ್ಪುವುದಿಲ್ಲ, ಹಾಗಾಗಿ ಅಲ್ಲಿ ‘ಮಂಜುನಾಥ ರಾಮಪ್ಪ’. ಒಬ್ಬನೇ ಹುಡುಗ ಮೂರು ಮಂದಿಯಾದ. ಕೆಲಸಕ್ಕೆ ಸೇರಿದ ದಿನ ಭವಿಷ್ಯನಿಧಿ ಖಾತೆಗೆ ಆಧಾರ್, ಸಂಬಳದ ತೆರಿಗೆಗೆ ಪ್ಯಾನ್, ಹಿನ್ನೆಲೆ ಪರಿಶೀಲನೆಗೆ ಅಂಕಪಟ್ಟಿ, ಹೀಗೆ ಮೂರನ್ನೂ ಒಟ್ಟಿಗೆ ಕೇಳುತ್ತಾರೆ. ಹೊಂದದಿದ್ದರೆ ಅಲ್ಲಿಂದ ಅಲೆದಾಟ ಶುರು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿ ಹಿಡಿಯಿರಿ, ಏಕೆಂದರೆ ಅದರಲ್ಲಿ ಹೆಸರು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಆದ್ದರಿಂದ ಆತುರಪಟ್ಟು ಒಂದನ್ನು ಕಳೆದುಕೊಳ್ಳಬೇಡಿ. ಇನಿಷಿಯಲ್ ಬಿಡಿಸಿ ಬರೆಸುವುದಾದರೆ ಆಧಾರ್‌ನಲ್ಲೂ ಪ್ಯಾನ್‌ನಲ್ಲೂ ಒಂದೇ ರೀತಿ ಬರೆಸಿ. ಇವತ್ತು ಸಂಜೆ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಚಾಪೆಯ ಮೇಲೆ ಹರಡಿ. ಇಂಗ್ಲಿಷಿನಲ್ಲಿರುವ ಹೆಸರನ್ನು ನೀವು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿ, ತಮ್ಮನೋ ತಂಗಿಯೋ ಇನ್ನೊಂದರಲ್ಲಿ ನೋಡಿ ತಾಳೆ ಹಾಕಲಿ.