‘ಚಾಲೆಂಜ್ ಟು’, ‘ಚಾಲೆಂಜ್ ಫಾರ್’: ಅಧ್ಯಯನ ಟಿಪ್ಪಣಿ

ಇಂಗ್ಲಿಷಿನ ‘ಚಾಲೆಂಜ್’ ಪದಕ್ಕೆ ನಾವೆಲ್ಲ ಮೊದಲು ಕಲಿಯುವ ಅರ್ಥ ಸವಾಲು, ಅಂದರೆ ಶಕ್ತಿಯನ್ನು ಒರೆಗೆ ಹಚ್ಚುವ ಕಷ್ಟದ ಕೆಲಸ. ಈ ಅರ್ಥ ಎಲ್ಲರಿಗೂ ತಿಳಿದಿರುವುದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ. ಆದರೆ ಪದದ ಚರಿತ್ರೆಯಲ್ಲಿ ಇದು ಈಚಿನ ಅರ್ಥ. ಸುಳ್ಳು ಆಪಾದನೆ ಎಂಬ ಅರ್ಥದ ಲ್ಯಾಟಿನ್ ಪದ ‘ಕಲುಮ್ನಿಯಾ’ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು ‘ಚಾಲೆಂಜ್’ ಆಯಿತು. ಮಿಥ್ಯಾಪವಾದ ಎಂಬ ಅರ್ಥದ ‘ಕ್ಯಾಲಮ್ನಿ’ ಕೂಡ ಅದೇ ಬೇರಿನದು. ‘ನೀನು ಹೇಳುವುದು ಸರಿಯಲ್ಲ’ ಎಂಬ ಆಕ್ಷೇಪದ ದನಿ ಪದದೊಳಗೆ ಇಂದಿಗೂ ಉಳಿದಿದೆ. ಮುಂದಿನ ಬಳಕೆಗಳಲ್ಲಿ ಹೆಚ್ಚಿನವು ಆ ದನಿಯಿಂದಲೇ ಹುಟ್ಟುತ್ತವೆ.

ಕ್ರಿಯಾಪದವಾಗಿ ಬಂದಾಗ ಅದರ ಕರ್ಮವನ್ನು ಗಮನಿಸಿದರೆ ಸಾಕು. ಕರ್ಮ ವ್ಯಕ್ತಿಯಾಗಿದ್ದರೆ ಸಾಮಾನ್ಯವಾಗಿ ಸ್ಪರ್ಧೆಗೆ ಕರೆಯುವ ಅರ್ಥ: ‘ಶಿ ಚಾಲೆಂಜ್ಡ್ ಹಿಮ್ ಟು ಎ ಗೇಮ್ ಆಫ್ ಚೆಸ್’. ಕನ್ನಡದಲ್ಲಿ ‘ಅವನಿಗೆ ಸವಾಲು ಹಾಕಿದಳು’ ಎಂದು ಚತುರ್ಥಿ ಬರುವುದರಿಂದ ‘ಚಾಲೆಂಜ್ಡ್ ಟು ಹಿಮ್’ ಎಂದು ಬರೆಯುವ ಸೆಳೆತ ನಮಗಿದೆ. ‘ಟು’ ಸೇರಬೇಕಾದದ್ದು ಆಟಕ್ಕೆ, ಆಳಿಗಲ್ಲ. ಕರ್ಮ ಆದೇಶವೋ ಹೇಳಿಕೆಯೋ ಆಗಿದ್ದರೆ ‘ಪ್ರಶ್ನಿಸು’ ಎಂಬುದೇ ಸರಿಯಾದ ಕನ್ನಡ. ‘ಆದೇಶವನ್ನು ಪ್ರಶ್ನಿಸಿ ಹೈಕೋರ್ಟ್ ಮೆಟ್ಟಿಲೇರಿದರು’ ಎಂದು ನಮ್ಮ ಪತ್ರಿಕೆಗಳು ಬರೆಯುವುದು ಇದನ್ನೇ.

ನಾಮಪದಕ್ಕೆ ಬಂದರೆ ನಿಜವಾದ ತೊಡಕು ಎದುರಾಗುತ್ತದೆ. ‘ಎ ಚಾಲೆಂಜ್ ಟು ದ ಗವರ್ನಮೆಂಟ್’ ಮತ್ತು ‘ಎ ಚಾಲೆಂಜ್ ಫಾರ್ ದ ಗವರ್ನಮೆಂಟ್’ ಎರಡನ್ನೂ ಕನ್ನಡ ‘ಸರ್ಕಾರಕ್ಕೆ ಸವಾಲು’ ಎಂದೇ ಹೇಳಿ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ಇವು ಸಾಮಾನ್ಯವಾಗಿ ಎರಡು ಬೇರೆ ಸಂಗತಿಗಳು. ‘ಫಾರ್’ ಬಂದಾಗ ಸರ್ಕಾರ ಮಾಡಬೇಕಾದ ಕಷ್ಟದ ಕೆಲಸವೊಂದಿದೆ. ಬರ ನಿರ್ವಹಣೆ ಅಂಥದ್ದು. ಅಲ್ಲಿ ಎದುರಾಳಿಯೇ ಇಲ್ಲ. ‘ಟು’ ಬಂದಾಗ ಯಾರೋ ಸರ್ಕಾರದ ಅಧಿಕಾರವನ್ನೋ ನಿಲುವನ್ನೋ ಒಪ್ಪದೆ ಎದುರು ನಿಂತಿದ್ದಾರೆ. ಎಡನೀರು ಮಠದ ಕೇಶವಾನಂದ ಭಾರತಿಯವರ ಪ್ರಕರಣವನ್ನು ನೆನೆಯಬಹುದು: ಕೇರಳದ ಭೂಸುಧಾರಣಾ ಕಾನೂನಿನಿಂದ ಆರಂಭವಾದ ವ್ಯಾಜ್ಯದಲ್ಲಿ 24, 25 ಮತ್ತು 29ನೆಯ ಸಂವಿಧಾನ ತಿದ್ದುಪಡಿಗಳ ಸಿಂಧುತ್ವವನ್ನೂ ಪ್ರಶ್ನಿಸಲಾಯಿತು, ಮತ್ತು 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಅದು ‘ಎ ಚಾಲೆಂಜ್ ಟು ದ ಅಮೆಂಡ್‌ಮೆಂಟ್ಸ್’. ಇಲ್ಲಿ ‘ಫಾರ್’ ಹಾಕಿದರೆ ತಿದ್ದುಪಡಿಗಳೇ ಏನೋ ಕಷ್ಟದ ಕೆಲಸಕ್ಕೆ ಹೊರಟಂತಾಗಿ ವಾಕ್ಯ ಕೆಡುತ್ತದೆ.

ಇಷ್ಟಾದರೂ ಸೂತ್ರ ಪೂರ್ಣವಾಗಲಿಲ್ಲ, ಏಕೆಂದರೆ ‘ದ ಡಿಸೀಸ್ ಪೋಸಸ್ ಎ ಚಾಲೆಂಜ್ ಟು ಡಾಕ್ಟರ್ಸ್’ ಎಂಬಂಥ ವಾಕ್ಯಗಳು ಎಲ್ಲೆಡೆ ಕಾಣುತ್ತವೆ, ಮತ್ತು ಅಲ್ಲಿ ರೋಗ ವೈದ್ಯರ ಅಧಿಕಾರವನ್ನು ಪ್ರಶ್ನಿಸುತ್ತಿಲ್ಲ. ಬಗೆಹರಿಸುವ ದಾರಿ ಹೀಗಿದೆ. ಈ ವಾಕ್ಯದ ‘ಟು’ ‘ಚಾಲೆಂಜ್’ಗೆ ಸೇರಿದ್ದಲ್ಲ, ‘ಪೋಸ್’ ಎಂಬ ಕ್ರಿಯಾಪದಕ್ಕೆ ಸೇರಿದ್ದು. ಒಡ್ಡುವುದು ಯಾರ ಮುಂದೆ ಎಂಬುದನ್ನು ಅದು ಹೇಳುತ್ತದೆ. ‘ಪ್ರೆಸೆಂಟ್’ ಬಂದಾಗಲೂ ಹೀಗೆಯೇ. ಆದ್ದರಿಂದ ‘ಟು’ ಕಂಡ ಕೂಡಲೇ ಹಿಂದೆ ತಿರುಗಿ ಕ್ರಿಯಾಪದವನ್ನು ನೋಡಬೇಕು. ‘ಪೋಸ್’ ಅಥವಾ ‘ಪ್ರೆಸೆಂಟ್’ ಇದ್ದರೆ ಎರಡು ಅರ್ಥಕ್ಕೂ ಅವಕಾಶವಿದೆ, ಮತ್ತು ‘ಟು’ ನಂತರದ ಪದವೇ ತೀರ್ಮಾನಿಸಬೇಕು: ವೈದ್ಯರು, ಶಿಕ್ಷಕರು ಎಂದಿದ್ದರೆ ಬಹುಮಟ್ಟಿಗೆ ಕಷ್ಟದ ಅರ್ಥ; ಅಧಿಕಾರ, ಸಿದ್ಧಾಂತ, ಕಾನೂನು ಎಂದಿದ್ದರೆ ಬಹುಮಟ್ಟಿಗೆ ವಿರೋಧ. ಅಂಥ ಕ್ರಿಯಾಪದವಿಲ್ಲದಿದ್ದರೆ ಮೊದಲು ವಿರೋಧದ ಅರ್ಥವನ್ನೇ ಹಿಡಿದು ಓದುವುದು ಲೇಸು. ‘ಚಾಲೆಂಜ್ ಫಾರ್ ದ ಟೈಟಲ್’ ಎಂಬುದು ಈ ಲೆಕ್ಕಕ್ಕೆ ಹೊರಗು. ಅದು ಪ್ರಶಸ್ತಿಗಾಗಿ ಪೈಪೋಟಿ.

ಟೆನಿಸ್‌ನಲ್ಲಿ ಚೆಂಡು ಗೆರೆಯ ಒಳಗೋ ಹೊರಗೋ ಎಂಬ ತೀರ್ಪನ್ನು ಆಟಗಾರರು ‘ಚಾಲೆಂಜ್’ ಮಾಡುವ ಪದ್ಧತಿ ಗ್ರ್ಯಾಂಡ್‌ಸ್ಲಾಮ್‌ಗೆ ಬಂದದ್ದು 2006ರ ಯುಎಸ್ ಓಪನ್‌ನಲ್ಲಿ. ಅದೇ ಕೆಲಸಕ್ಕೆ ಕ್ರಿಕೆಟ್‌ನಲ್ಲಿ ‘ರಿವ್ಯೂ’ ಎಂಬ ಸೌಮ್ಯ ಹೆಸರಿದೆ. ವೈದ್ಯಕೀಯದ ‘ಚಾಲೆಂಜ್ ಟ್ರಯಲ್’ ಎಂದರೆ ಸ್ವಯಂಸೇವಕರಿಗೆ ಬೇಕೆಂದೇ ಸೋಂಕು ತಗುಲಿಸಿ ಲಸಿಕೆ ಮೊದಲಾದವನ್ನು ಪರೀಕ್ಷಿಸುವ ಪ್ರಯೋಗ.

ಕೊನೆಯದು ‘ಚಾಲೆಂಜ್ಡ್’. ‘ಫಿಸಿಕಲಿ ಚಾಲೆಂಜ್ಡ್’ ಎಂಬ ನಯನುಡಿಯಿಂದ ನಮಗೆ ಅದು ರೂಢಿ, ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಬಳಸದೆ ‘ಪರ್ಸನ್ಸ್ ವಿತ್ ಡಿಸೆಬಿಲಿಟೀಸ್’ ಎಂದೇ ಬಳಸುತ್ತದೆ. ಚುನಾವಣೆಯ ‘ಚಾಲೆಂಜ್ಡ್ ವೋಟ್’ಗೂ ಇದಕ್ಕೂ ನಂಟಿಲ್ಲ. ಮತ ಹಾಕಲು ಬಂದವರು ತಾವು ಹೇಳಿಕೊಳ್ಳುವ ವ್ಯಕ್ತಿಯೇ ಅಲ್ಲ ಎಂದು ಮತಗಟ್ಟೆಯ ಏಜೆಂಟರು ಆಕ್ಷೇಪಿಸಿದರೆ, 1961ರ ಚುನಾವಣಾ ನಿಯಮಗಳಂತೆ ಆ ಏಜೆಂಟರೇ 2 ರೂಪಾಯಿ ಠೇವಣಿ ಇಡಬೇಕು, ಅಧ್ಯಕ್ಷಾಧಿಕಾರಿ ಸಂಕ್ಷಿಪ್ತ ವಿಚಾರಣೆ ನಡೆಸಬೇಕು. ಆಕ್ಷೇಪ ಕ್ಷುಲ್ಲಕವೆಂದು ಕಂಡರೆ ಠೇವಣಿ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ‘ಟೆಂಡರ್ಡ್ ವೋಟ್’ ಬೇರೆ: ತಮ್ಮ ಹೆಸರಿನಲ್ಲಿ ಬೇರೊಬ್ಬರು ಆಗಲೇ ಮತ ಹಾಕಿ ಹೋಗಿದ್ದಾರೆ ಎಂದು ತಿಳಿದಾಗ ನಿಜವಾದ ಮತದಾರರಿಗೆ ಮತಯಂತ್ರದ ಬದಲು ಕೊಡುವ ಮತಪತ್ರವದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇವೆರಡನ್ನು ಬೇರೆಬೇರೆಯಾಗಿಯೇ ಗುರುತಿಟ್ಟುಕೊಳ್ಳಬೇಕು.